ಜಾಬ್
‘ಜಾಬ್ ಸಿಕ್ತಾ?’ ಎಂದರೆ ನಮ್ಮಲ್ಲಿ ತಿಂಗಳ ಸಂಬಳದ ಮಾತು. ಇಂಗ್ಲಿಷಿನಲ್ಲಿ 16ನೇ ಶತಮಾನದಲ್ಲಿ ಅದಕ್ಕಿದ್ದ ಅರ್ಥ ಬಿಡಿಗೆಲಸ. ಲಗ್ನಪತ್ರಿಕೆ, ಕರಪತ್ರ ಅಚ್ಚುಹಾಕುವ ಪ್ರೆಸ್ಸಿನವರ ‘ಜಾಬ್ ವರ್ಕ್’ನಲ್ಲಿ ಆ ಅರ್ಥ ಇನ್ನೂ ಬದುಕಿದೆ. ಕಂಪ್ಯೂಟರಿನಲ್ಲೂ ಅಷ್ಟೆ.

1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೂವರ್ಟ್ ಫೆಲ್ಡ್‌ಮನ್ ಪ್ರೋಗ್ರಾಂಗಳನ್ನು ಕಂಪೈಲ್ ಮಾಡಿಸುವ ‘ಮೇಕ್’ ಎಂಬ ಸಾಧನ ಬರೆದರು. ಅದರ ಗ್ನೂ ಆವೃತ್ತಿಗೆ ‘-ಜೆ 4’ ಎಂದರೆ ಏಕಕಾಲಕ್ಕೆ ನಾಲ್ಕು ಜಾಬ್. ಅಂಕಿ ಮರೆತಿರೋ, ಮಿತಿಯೇ ಇಲ್ಲ. ದೊಡ್ಡ ಲೈಬ್ರರಿ ಕಂಪೈಲಾಗುವಾಗ ಮೆಮೊರಿ ಬರಿದಾಗಿ ಯಂತ್ರ ಮರಗಟ್ಟೀತು. (ನನ್ನದು ಮರಗಟ್ಟಿದೆ.) ಹಾಗಾಗಿ ಶೆಲ್ ಸ್ಕ್ರಿಪ್ಟಿನವರು ಪ್ರೊಸೆಸರ್ ಎಣಿಸುವ ‘ಎನ್‌ಪ್ರಾಕ್’ ಆಜ್ಞೆ ಹೇಳಿದ ಸಂಖ್ಯೆಯನ್ನೇ ಕೊಡುವುದು ರೂಢಿ. ಮೇಕ್ ಒಳಗೆ ಇನ್ನೊಂದು ಮೇಕ್ ಓಡಿದರೆ, ಒಟ್ಟು ಜಾಬ್ ಮಿತಿ ಮೀರದಂತೆ ‘ಜಾಬ್‌ಸರ್ವರ್’ ಟೋಕನ್ ಹಂಚುತ್ತದೆ, ಥೇಟ್ ದರ್ಶಿನಿ ಹೋಟೆಲಿನ ಹಾಗೆ. ವ್ಯತ್ಯಾಸವಿಷ್ಟೆ: ಇಲ್ಲಿ ಕೆಲಸ ಮುಗಿದ ಮೇಲೆ ಟೋಕನ್ ವಾಪಸ್ ಕೊಡಬೇಕು.