ರೂಪಾಯಿಯೊಳಗಿನ ಬೆಳ್ಳಿ: 1835ರಿಂದ 1947ರ ವರೆಗೆ

ಸಂಸ್ಕೃತದ ‘ರೂಪ್ಯ’ ಶಬ್ದಕ್ಕೆ ಅಚ್ಚೊತ್ತಿದ ಬೆಳ್ಳಿಯೆಂಬ ಅರ್ಥವುಂಟು. ಹೆಸರಿನಲ್ಲಿಯೇ ಲೋಹವನ್ನಡಗಿಸಿಕೊಂಡ ಈ ನಾಣ್ಯವು ನೂರಹನ್ನೆರಡು ವರ್ಷಗಳಲ್ಲಿ ತನ್ನ ಬೆಳ್ಳಿಯನ್ನು ಪೂರ್ತಿಯಾಗಿ ಕಳೆದುಕೊಂಡಿತು. ಹೆಸರು ಮಾತ್ರ ಉಳಿಯಿತು. ಈ ನಷ್ಟವನ್ನು ಹೊತ್ತವರಾರು ಎಂಬ ಪ್ರಶ್ನೆ ನಾಣ್ಯಶಾಸ್ತ್ರದ ಪಟ್ಟಿಗಳಲ್ಲಿ ಬಹುಮಟ್ಟಿಗೆ ಏಳುವುದೇ ಇಲ್ಲ.

1835ರ 17ನೆಯ ಕಾಯಿದೆಯು ಕಂಪನಿ ಸರಕಾರದ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ರೂಪಾಯಿಯನ್ನು ಗೊತ್ತುಪಡಿಸಿತು. ತೂಕ 180 ಗ್ರೇನ್. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ಬೆರಕೆ. ಎಂದರೆ 165 ಗ್ರೇನ್ ಚೊಕ್ಕ ಬೆಳ್ಳಿ. 180 ಗ್ರೇನ್ ಎಂದರೆ ಒಂದು ತೊಲ. ಆದ್ದರಿಂದ ರೂಪಾಯಿಯು ನಾಣ್ಯವೂ ಆಯಿತು, ಅಕ್ಕಸಾಲೆಯ ತಕ್ಕಡಿಗೆ ತೂಕದ ಬಟ್ಟೂ ಆಯಿತು. ಬೆಳ್ಳಿಯನ್ನು ಟಂಕಸಾಲೆಗೆ ಒಯ್ದು, ಅಲ್ಪ ಶುಲ್ಕ ತೆತ್ತು, ರೂಪಾಯಿ ಪಡೆಯುವ ಹಕ್ಕು ಯಾರಿಗೂ ಇದ್ದಿತು. ಹೀಗಾಗಿ ರೈತನ ಮಡದಿಯ ಕಾಲ್ಗಡಗವೂ ಸಾಹುಕಾರನ ಥೈಲಿಯೂ ಒಂದೇ ಸಂಪತ್ತಿನ ಎರಡು ರೂಪಗಳಾಗಿದ್ದುವು.

ಈ ಸಮಾನತೆ ಮುರಿದುದು 1893ರ ಜೂನ್ 26ರಂದು. 1870ರ ದಶಕದಲ್ಲಿ ಜರ್ಮನಿ ಮೊದಲಾದ ದೇಶಗಳು ಚಿನ್ನದ ಪ್ರಮಾಣಕ್ಕೆ ಹೊರಳಿದುದರಿಂದ ಬೆಳ್ಳಿಯ ಬೆಲೆ ಕುಸಿಯುತ್ತ ಬಂದಿದ್ದಿತು. ಲಂಡನ್ನಿಗೆ ಪೌಂಡುಗಳಲ್ಲಿ ಹಣ ಸಲ್ಲಿಸಬೇಕಾಗಿದ್ದ ಭಾರತ ಸರಕಾರಕ್ಕೆ ಇದು ವರ್ಷದಿಂದ ವರ್ಷಕ್ಕೆ ಹೊರೆಯಾಯಿತು. ಹರ್ಷಲ್ ಸಮಿತಿಯ ಶಿಫಾರಸಿನಂತೆ ಸಾರ್ವಜನಿಕರ ಬೆಳ್ಳಿಗೆ ಟಂಕಸಾಲೆಯ ಬಾಗಿಲು ಮುಚ್ಚಿತು. ರೂಪಾಯಿಗೆ 16 ಪೆನ್ಸಿನ ದರವನ್ನು ಗುರಿಯಾಗಿರಿಸಿಕೊಳ್ಳಲಾಯಿತು. ನಾಣ್ಯದಲ್ಲಿದ್ದ ಬೆಳ್ಳಿ ಒಂದು ಗ್ರೇನೂ ಕಡಿಮೆಯಾಗಲಿಲ್ಲ. ಆದರೆ ಕಡಗವನ್ನು ರೂಪಾಯಿಯಾಗಿ ಮಾರ್ಪಡಿಸುವ ದಾರಿ ಮುಚ್ಚಿದುದರಿಂದ ಕಡಗದ ಬೆಲೆ ಲೋಹದ ಪೇಟೆಯೊಡನೆ ಇಳಿಯಿತು. ರೂಪಾಯಿಯ ಬೆಲೆ ಸರಕಾರದ ಆಜ್ಞೆಯೊಡನೆ ನಿಂತಿತು. ಮುಂದೆ ನಡೆದ ಎಲ್ಲ ಬೆರಕೆಗಳಿಗಿಂತ ಇದೇ ದೊಡ್ಡ ಬದಲಾವಣೆಯೆಂದು ಹೇಳಬೇಕು.

ನಿಜಾಮರ ರಾಜ್ಯದಲ್ಲಿ ಬೇರೆಯೇ ನಾಣ್ಯವಿದ್ದಿತು. ಕಲಬುರ್ಗಿ, ಬೀದರ, ರಾಯಚೂರುಗಳ ಕನ್ನಡಿಗರು ಬಳಸುತ್ತಿದ್ದ ಹಾಲಿ ಸಿಕ್ಕಾ ರೂಪಾಯಿಯ ತೂಕ 172½ ಗ್ರೇನ್. ಸಾವಿರಕ್ಕೆ 818 ಪಾಲಿನಂತೆ ಬೆಳ್ಳಿ ಸುಮಾರು 141 ಗ್ರೇನ್. ನೂರು ಕಲದಾರ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಂಬುದು ಅಲ್ಲಿ ನೆಲೆಗೊಂಡ ವಿನಿಮಯ. ಎರಡರ ಬೆಳ್ಳಿಯನ್ನು ಹೋಲಿಸಿದರೆ ಲೆಕ್ಕವು 117ರ ಹತ್ತಿರಕ್ಕೆ ಬರುತ್ತದೆ. ಸೊಲ್ಲಾಪುರದಿಂದ ಗಡಿ ದಾಟಿದ ವರ್ತಕನಿಗೆ ಕಿರಿಕಿರಿಯೆನಿಸಿದ ಆ ವಟಾವು ಬರಿಯ ಅಂಗಡಿಯ ಕಟ್ಟಳೆಯಾಗಿರಲಿಲ್ಲ. ಅದರ ಹಿಂದೆ ಲೋಹದ ನ್ಯಾಯವಿದ್ದಿತು.

ಮೊದಲನೆಯ ಮಹಾಯುದ್ಧದಲ್ಲಿ ಸ್ಥಿತಿ ತಲೆಕೆಳಗಾಯಿತು. ಬೆಳ್ಳಿಯ ಬೆಲೆ ಔನ್ಸಿಗೆ 43 ಪೆನ್ಸನ್ನು ಮೀರಿದೊಡನೆ, 16 ಪೆನ್ಸಿನ ರೂಪಾಯಿಯನ್ನು ಕರಗಿಸುವುದೇ ಲಾಭವಾಯಿತು. 1917ರಲ್ಲಿ ಸರಕಾರವು ಕರಗಿಸುವುದನ್ನು ನಿಷೇಧಿಸಿತು, ಒಂದು ರೂಪಾಯಿಯ ನೋಟನ್ನು ಹೊರಡಿಸಿತು. ಮುಂದಿನೆರಡು ವರ್ಷಗಳಲ್ಲಿ ಎರಡಾಣೆ, ನಾಲ್ಕಾಣೆ, ಎಂಟಾಣೆಗಳನ್ನು ನಿಕ್ಕಲ್ ಬೆರಕೆಯಲ್ಲಿ ಅಚ್ಚುಹಾಕಿಸಿತು. 1918ರ ಪಿಟ್‌ಮನ್ ಕಾಯಿದೆಯ ಮೇರೆಗೆ ಅಮೆರಿಕವು ತನ್ನ ಬೆಳ್ಳಿ ಡಾಲರುಗಳನ್ನು ಕರಗಿಸಿ 20 ಕೋಟಿ ಔನ್ಸು ಬೆಳ್ಳಿಯನ್ನು ಭಾರತಕ್ಕಾಗಿ ಮಾರಿತು. ರೂಪಾಯಿಯ 165 ಗ್ರೇನ್ ಆಗ ಉಳಿದುಕೊಂಡಿತು.

ಎರಡನೆಯ ಯುದ್ಧದಲ್ಲಿ ಉಳಿಯಲಿಲ್ಲ. 1940ರಲ್ಲಿ ಫ್ರಾನ್ಸ್ ಸೋತ ಸುದ್ದಿಗೆ ಜನ ನೋಟು ಕೊಟ್ಟು ನಾಣ್ಯ ಕೇಳತೊಡಗಿದರು. ಅಗತ್ಯಕ್ಕಿಂತ ಹೆಚ್ಚು ನಾಣ್ಯ ಕೂಡಿಡುವುದು ಜೂನಿನಲ್ಲಿ ಅಪರಾಧವಾಯಿತು. ಜುಲೈಯಲ್ಲಿ ಒಂದು ರೂಪಾಯಿಯ ನೋಟು ಮರಳಿ ಬಂದಿತು. ಅದೇ ವರ್ಷ ಮೊದಲು ಪಾವಲಿ, ಆಮೇಲೆ ಎಂಟಾಣೆ, ಕೊನೆಗೆ ರೂಪಾಯಿ, ಹೀಗೆ ಒಂದೊಂದಾಗಿ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು. ನೂರರಲ್ಲಿ 50 ಬೆಳ್ಳಿ, 40 ತಾಮ್ರ, 5 ನಿಕ್ಕಲ್, 5 ಸತು. ತೂಕ ಮಾತ್ರ ಅದೇ 180 ಗ್ರೇನ್! ಬಟ್ಟಾಗಿ ತಕ್ಕಡಿಯಲ್ಲಿಟ್ಟರೆ ಹಳೆಯದೂ ಹೊಸದೂ ಸಮ. ಒಳಗಿನ ಬೆಳ್ಳಿ 165ರಿಂದ 90 ಗ್ರೇನಿಗೆ ಇಳಿದುದನ್ನು ತಕ್ಕಡಿ ಹೇಳಲಾರದು. 1940ರ ದಶಕದಲ್ಲಿ ಹೈದರಾಬಾದಿನ ರೂಪಾಯಿಯ ಬೆಳ್ಳಿಯೂ ಅರ್ಧಕ್ಕೆ ಬಂದಿತು.

ಕೆಟ್ಟ ನಾಣ್ಯವು ಒಳ್ಳೆಯದನ್ನು ಚಲಾವಣೆಯಿಂದ ಓಡಿಸುತ್ತದೆಂಬುದು ಗ್ರೆಷಮನ ಹೆಸರಿನ ನಿಯಮ. ಇಲ್ಲಿ ಆ ಕೆಲಸವನ್ನು ಸರಕಾರವೇ ಕೈಗೆತ್ತಿಕೊಂಡಿತು. ವಿಕ್ಟೋರಿಯಾ ರಾಣಿಯ ರೂಪಾಯಿಗಳ ಚಲಾವಣೆ 1941ರಲ್ಲಿಯೂ, ಏಳನೆಯ ಎಡ್ವರ್ಡನವುಗಳದು 1942ರಲ್ಲಿಯೂ, ಐದನೆಯ ಮತ್ತು ಆರನೆಯ ಜಾರ್ಜರ ಹಳೆಯ ಬೆಳ್ಳಿಯವುಗಳದು 1943ರಲ್ಲಿಯೂ ರದ್ದಾಯಿತು. ಗಡಿಗೆಯಲ್ಲಿ ಹೂತಿಟ್ಟುದನ್ನು ಅಗೆದು ಖಜಾನೆಗೆ ತಂದವನಿಗೆ 165 ಗ್ರೇನಿನ ಬದಲು ದೊರೆತುದು 90 ಗ್ರೇನಿನ ನಾಣ್ಯ, ಇಲ್ಲವೆ ಕಾಗದ. ಆಜ್ಞೆಯ ಸುದ್ದಿ ತಿಳಿಯದೆ ಗಡುವು ತಪ್ಪಿದ ಹಳ್ಳಿಗನ ಕೈಯಲ್ಲಿ ಹಣವಿಲ್ಲದಿದ್ದರೂ ಬೆಳ್ಳಿಯಾದರೂ ಉಳಿಯಿತೆಂಬುದು ವಿಚಿತ್ರವೇ ಸರಿ.

1947ರ ಇಸವಿಯನ್ನು ಹೊತ್ತ ರೂಪಾಯಿ ಅಚ್ಚ ನಿಕ್ಕಲಿನದು. ಇದಕ್ಕೆ ಮಿತವ್ಯಯವೊಂದೇ ಕಾರಣವಲ್ಲ. ಯುದ್ಧಕಾಲದಲ್ಲಿ ಅಮೆರಿಕದಿಂದ ಸಾಲವಾಗಿ ಪಡೆದಿದ್ದ ಸುಮಾರು 22.6 ಕೋಟಿ ಔನ್ಸು ಬೆಳ್ಳಿಯನ್ನು ಬೆಳ್ಳಿಯಾಗಿಯೇ ಹಿಂದಿರುಗಿಸಬೇಕಾಗಿದ್ದಿತು. ಅರ್ಧಬೆಳ್ಳಿಯ ನಾಣ್ಯಗಳನ್ನು ಜನರಿಂದ ಮರಳಿ ಪಡೆದು, ಕಲ್ಕತ್ತೆಯ ಆಲಿಪುರದ ಶೋಧನಾಲಯದಲ್ಲಿ ತಾಮ್ರ, ನಿಕ್ಕಲ್, ಸತುಗಳಿಂದ ಬೇರ್ಪಡಿಸಿ ತೆಗೆದ ಬೆಳ್ಳಿಯು ಹಡಗೇರಿತು. 1957ರಲ್ಲಿ ಆ ಸಾಲ ತೀರಿತು.