ಎಳ್ಳು ಕಳೆದುಕೊಂಡ ಎಣ್ಣೆ

ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದ ಯಾವ ಅಂಗಡಿಗಾದರೂ ಹೋಗಿ ಬರೀ ‘ಎಣ್ಣೆ ಕೊಡಿ’ ಎಂದರೆ, ‘ಯಾವ ಎಣ್ಣೆ?’ ಎಂದು ಕೇಳಿಯೇ ಕೇಳುತ್ತಾರೆ. ತಲೆಗೋ, ಒಗ್ಗರಣೆಗೋ, ದೀಪಕ್ಕೋ? ಕೊಬ್ಬರಿಯದೋ, ಹರಳಿನದೋ, ಕಡಲೆಕಾಯಿಯದೋ? ಒಂದು ಕಾಲಕ್ಕೆ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ಎಣ್ಣೆ ಎಂದರೆ ಎಳ್ಳಿನದು, ಅಷ್ಟೇ.

ಪದವನ್ನು ಬಿಡಿಸಿದರೆ ಅದು ಕಾಣುತ್ತದೆ. ‘ಎಳ್’ ಅಂದರೆ ಎಳ್ಳು, ‘ನೆಯ್’ ಅಂದರೆ ಜಿಡ್ಡು. ಎರಡೂ ಕೂಡಿ ‘ಎಣ್ಣೆಯ್’ ಆಗಿ, ಕೊನೆಯ ಯಕಾರ ಸವೆದು ‘ಎಣ್ಣೆ’ ಉಳಿಯಿತು. ‘ಬೆಳ್’ ಎಂಬ ಬಿಳುಪಿಗೆ ಅದೇ ‘ನೆಯ್’ ಸೇರಿ ‘ಬೆಣ್ಣೆ’ಯಾಯಿತು. ತಮಿಳರ ‘ಎಣ್ಣೆಯ್’, ಮಲಯಾಳಿಗಳ ‘ಎಣ್ಣ’ ಇದೇ ಬಳ್ಳಿಯವು. ತೆಲುಗಿನ ‘ನೂನೆ’ಯಲ್ಲಿಯೂ ಎಳ್ಳಿದೆ, ಅಲ್ಲಿ ಎಳ್ಳಿಗೆ ‘ನುವ್ವು’ ಎನ್ನುತ್ತಾರೆ. ತಮಿಳು, ತೆಲುಗು, ತುಳುಗಳಲ್ಲಿ ‘ನೆಯ್’ ತುಪ್ಪದ ಹೆಸರಾಗಿ ಇಂದಿಗೂ ಓಡಾಡುತ್ತಿದೆ. ನಮ್ಮಲ್ಲಿ ಅದರ ಜಾಗಕ್ಕೆ ‘ತುಪ್ಪ’ ಬಂದು ಕೂತಿತು. ‘ನೆಯ್’ ಬೆಣ್ಣೆ, ಎಣ್ಣೆಗಳ ಬಾಲದಲ್ಲಿ ಮಾತ್ರ ಉಳಿಯಿತು.

ಸಂಸ್ಕೃತವೂ ಇದೇ ದಾರಿ ಹಿಡಿದಿದೆ: ‘ತಿಲ’ದಿಂದ ಬಂದದ್ದು ‘ತೈಲ’. ಇಂಗ್ಲಿಷಿನ ‘ಆಯಿಲ್’ ಹಿಂದಕ್ಕೆ ಹೋಗಿ ಗ್ರೀಕರ ಆಲಿವ್ ಮರಕ್ಕೆ ಮುಟ್ಟುತ್ತದೆ. ಯಾವ ನಾಡಿನಲ್ಲಿ ಯಾವುದನ್ನು ಹಿಂಡಿ ಜಿಡ್ಡು ತೆಗೆದರೋ ಅದರ ಹೆಸರೇ ಜಿಡ್ಡಿನ ಹೆಸರಾಯಿತು. ಅಂದರೆ ಹುಟ್ಟಿದಾಗ ಈ ಪದ ಒಂದು ಪ್ರಾಮಾಣಿಕ ಲೇಬಲ್ ಆಗಿತ್ತು. ಒಳಗಿರುವುದು ಏನು ಎಂಬುದನ್ನು ಹೆಸರೇ ಹೇಳುತ್ತಿತ್ತು.

ಆಮೇಲೆ ಎಣ್ಣೆ ಎಳ್ಳನ್ನು ಮರೆಯಿತು. ಹರಳೆಣ್ಣೆ, ಹುಚ್ಚೆಳ್ಳೆಣ್ಣೆ, ಹೊಂಗೆ ಎಣ್ಣೆ, ಹಿಪ್ಪೆ ಎಣ್ಣೆ, ಬೇವಿನೆಣ್ಣೆ, ಕೊಬ್ಬರಿ ಎಣ್ಣೆ ಎಂದು ಬಳಗ ಬೆಳೆಯುತ್ತ ಹೋಯಿತು. ಎಳ್ಳು ತನ್ನ ಮನೆಯಲ್ಲೇ ಹಕ್ಕು ಕಳೆದುಕೊಂಡು, ಮತ್ತೊಮ್ಮೆ ಹೆಸರು ಹೇಳಿಕೊಳ್ಳಬೇಕಾಯಿತು. ‘ಎಳ್ಳೆಣ್ಣೆ’ ಎಂಬಲ್ಲಿ ಎಳ್ಳು ಎರಡು ಸಲ ಇದೆ. ಸಂಸ್ಕೃತದ ‘ತಿಲತೈಲ’ದಲ್ಲೂ ಹಾಗೆಯೇ. ಎಳ್ಳೆಣ್ಣೆಗೇ ಇನ್ನೊಂದು ಹೆಸರು ‘ಒಳ್ಳೆಣ್ಣೆ’. ತಮಿಳಿನಲ್ಲಿ ಅದು ‘ನಲ್ಲೆಣ್ಣೆಯ್’.

ಇಲ್ಲಿ ನಿಂತು ನೋಡಬೇಕು. ಎಣ್ಣೆಯ ಮುಂದೆ ಬಂದು ಕೂರುವ ಮಾತುಗಳು ಎರಡು ಬಗೆಯವು. ಹರಳು, ಹೊಂಗೆ, ಕೊಬ್ಬರಿ ಎಂಬುವು ಮೂಲ ಹೇಳುತ್ತವೆ. ‘ಒಳ್ಳೆ’ ಎಂಬುದು ಹೊಗಳುತ್ತದೆ. ಮೂಲ ಹೇಳಿದ ಮಾತನ್ನು ಪರೀಕ್ಷಿಸಬಹುದು. ಹೊಗಳಿದ ಮಾತನ್ನು ನಂಬಬೇಕು, ಇಲ್ಲವೇ ಬಿಡಬೇಕು. ಇಂದು ಸೋಪು, ಕ್ರೀಮು, ತಲೆ ಎಣ್ಣೆಯ ಮೇಲೆ ಮಿಂಚುವ ‘ಕ್ಲೀನ್’, ‘ನ್ಯಾಚುರಲ್’, ‘ಪ್ಯೂರ್’, ‘ಕೆಮಿಕಲ್ ಫ್ರೀ’ ಎಲ್ಲವೂ ಎರಡನೆಯ ಬಗೆಯವು. ನಮ್ಮ ದೇಶದ 2020ರ ಸೌಂದರ್ಯವರ್ಧಕಗಳ ನಿಯಮಗಳಲ್ಲಿ ‘ಕ್ಲೀನ್’ ಎಂಬುದಕ್ಕೆ ವ್ಯಾಖ್ಯೆಯೇ ಇಲ್ಲ.

ಹಳೆಯ ಕಾಲದವರು ಎಣ್ಣೆಯ ವಿಷಯದಲ್ಲಿ ಹೊಗಳಿಕೆಗಿಂತ ಲೆಕ್ಕಕ್ಕೆ ಬೆಲೆ ಕೊಟ್ಟಿದ್ದರು. ದೇವಾಲಯದ ನಂದಾದೀವಿಗೆಗೆ ಬಿಟ್ಟ ದತ್ತಿಯನ್ನು ಕಲ್ಲಿನಲ್ಲಿ ಕೊರೆಯಿಸುವಾಗ ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಎಂದು ಬರೆಯಿಸಿದ ಶಾಸನಗಳು ಕನ್ನಡ ನಾಡಿನಲ್ಲಿ ಬೇಕಾದಷ್ಟಿವೆ. ಎಣ್ಣೆ ಎಲ್ಲಿಂದ ಬರಬೇಕು, ಎಷ್ಟು ಬರಬೇಕು, ಯಾತಕ್ಕೆ ಸಲ್ಲಬೇಕು ಎಂಬ ಮೂರೂ ಸಂಗತಿ ಅಲ್ಲಿರುತ್ತವೆ. ಒಳ್ಳೆಯ ಲೇಬಲ್ ಹೇಳಬೇಕಾದ್ದೂ ಇವನ್ನೇ.

ಇನ್ನು ಕೊಬ್ಬರಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ ಕೊಬ್ಬರಿ ಅಂದರೆ ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಮಟ್ಟೆಯ ಸಮೇತ ಅಟ್ಟದ ಮೇಲೆ ಹತ್ತು-ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಲಗಲ ಎನ್ನುತ್ತದೆ. ಆಗ ಸುಲಿದು, ಒಡೆದು, ಇಡೀ ಉಂಡೆ ತೆಗೆದು ತಿಪಟೂರಿನ ಮಾರುಕಟ್ಟೆಗೆ ಒಯ್ಯುತ್ತಾರೆ. ಅಲ್ಲಿಂದ ಅದು ಹೆಚ್ಚಾಗಿ ಉತ್ತರ ಭಾರತಕ್ಕೆ, ತಿನ್ನುವುದಕ್ಕೂ ಪೂಜೆಗೂ ಹೋಗುತ್ತದೆ. ಎಣ್ಣೆ ತೆಗೆಯುವ ಕೊಬ್ಬರಿ ಬೇರೆಯದು. ಕಾಯಿ ಒಡೆದು ಹೋಳು ಒಣಗಿಸಿದ್ದು. ಕೇರಳ, ತಮಿಳುನಾಡಿನ ಗಿರಣಿಗಳ ಬಹುಪಾಲು ಸರಕು ಅದು. ಸರ್ಕಾರವೂ ಎರಡನ್ನು ಬೇರೆಯಾಗಿಯೇ ಕಾಣುತ್ತದೆ. 2025ರ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲ್‌ಗೆ ಉಂಡೆ ಕೊಬ್ಬರಿಗೆ 12,100 ರೂಪಾಯಿ, ಎಣ್ಣೆ ಕೊಬ್ಬರಿಗೆ 11,582 ರೂಪಾಯಿ ಇತ್ತು.

ಕೊಬ್ಬರಿ ಬೆಳೆಯುವ ನಾಡಿನವರಿಗೆ ಗೊತ್ತಿರುವ ಒಂದು ಲೆಕ್ಕ ಎಲ್ಲ ಕೊಳ್ಳುವವರಿಗೂ ಬೇಕು. ಒಣಗಿದ ಕೊಬ್ಬರಿಯ ತೂಕದಲ್ಲಿ ನೂರಕ್ಕೆ ಅರವತ್ತು ಚಿಲ್ಲರೆ ಪಾಲು ಎಣ್ಣೆ. ಆದ್ದರಿಂದ ಒಂದು ಕಿಲೋ ಎಣ್ಣೆಗೆ ಒಂದೂವರೆ ಕಿಲೋಗಿಂತ ಹೆಚ್ಚು ಕೊಬ್ಬರಿ ಬೇಕು. ಪೇಟೆಯಲ್ಲಿ ಕೊಬ್ಬರಿಯ ಬೆಲೆಗೇ ಎಣ್ಣೆ ಸಿಗುತ್ತಿದ್ದರೆ, ಅದರೊಳಗೆ ಬೇರೇನೋ ಇದೆ ಎಂದೇ ತಿಳಿಯಬೇಕು.

ಆ ಬೇರೇನೋ ಎಂಬುದು ಎಣ್ಣೆಯ ಕುಟುಂಬಕ್ಕೆ ಬಂದದ್ದು ತಡವಾಗಿ. ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗಿನಲ್ಲಿ ಬಂದ ದೀಪದ ದ್ರವಕ್ಕೆ ನಮ್ಮವರು ‘ಸೀಮೆಎಣ್ಣೆ’ ಎಂದರು. ಸೀಮೆಸುಣ್ಣ, ಸೀಮೆಹಸುಗಳ ಹಾಗೆ ಅದೂ ಹೊರಸೀಮೆಯದು. ಕಾಳಿಲ್ಲದ, ಹಣ್ಣಿಲ್ಲದ, ನೆಲದಡಿಯ ಎಣ್ಣೆ. ಅದೇ ಪೆಟ್ರೋಲಿಯಂ ಮೂಲದ ಇನ್ನೊಂದು ಕೂಸು ಈಗ ಹಲವು ತಲೆ ಎಣ್ಣೆಗಳ ಸೀಸೆಯೊಳಗಿದೆ. ಸೀಸೆಯ ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ಅದರ ಹೆಸರು ‘ಲೈಟ್ ಲಿಕ್ವಿಡ್ ಪ್ಯಾರಫಿನ್’, ‘ಮಿನರಲ್ ಆಯಿಲ್’ ಅಥವಾ ‘ಪ್ಯಾರಫಿನಮ್ ಲಿಕ್ವಿಡಮ್’. ಚೆನ್ನಾಗಿ ಶುದ್ಧೀಕರಿಸಿದ ಈ ದ್ರವ ವಿಷವಲ್ಲ. ಚರ್ಮದ ತೇವ ಹಾರಿಹೋಗದಂತೆ ತಡೆಯಲು ವೈದ್ಯರೂ ಬಳಸುತ್ತಾರೆ. ತಪ್ಪಿರುವುದು ಮರೆಮಾಚುವುದರಲ್ಲಿ. ಮುಂಬದಿಯಲ್ಲಿ ಬಾದಾಮಿಯ ಚಿತ್ರ, ಹಿಂಬದಿಯ ಪಟ್ಟಿಯಲ್ಲಿ ಮೊದಲ ಹೆಸರು ಪ್ಯಾರಫಿನ್. ಕೊಳ್ಳುವವರು ಬಾದಾಮಿಗೆ ಹಣ ಕೊಡುತ್ತಾರೆ, ಪ್ಯಾರಫಿನ್ ಮನೆಗೆ ಒಯ್ಯುತ್ತಾರೆ.

ಹೆಸರಿನ ತೂಕ ಎಷ್ಟೆಂದು ಸುಪ್ರೀಂ ಕೋರ್ಟಿನಲ್ಲೂ ತಿಳಿಯಿತು. ಸಣ್ಣ ಸೀಸೆಯಲ್ಲಿ ಮಾರುವ ಶುದ್ಧ ಕೊಬ್ಬರಿ ಎಣ್ಣೆ ಅಡುಗೆಯದೋ ತಲೆಯದೋ ಎಂಬ ತೆರಿಗೆ ವ್ಯಾಜ್ಯದಲ್ಲಿ 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ಬಗೆಯ ತೀರ್ಪು ಕೊಟ್ಟಿದ್ದರು. 2024ರ ಡಿಸೆಂಬರ್ 18ರಂದು ಮೂವರ ಪೀಠ ಅದನ್ನು ಇತ್ಯರ್ಥ ಮಾಡಿತು: ಸೀಸೆ ಸಣ್ಣದೆಂಬ ಮಾತ್ರಕ್ಕೆ ಅದು ಕೇಶತೈಲವಾಗದು, ಲೇಬಲ್ಲು, ಪೊಟ್ಟಣ ಹಾಗೆ ಹೇಳಿದರೆ ಮಾತ್ರ ಆದೀತು. ಆಗ ಅಡುಗೆ ಎಣ್ಣೆಗೆ ನೂರಕ್ಕೆ 5, ಕೇಶತೈಲಕ್ಕೆ ನೂರಕ್ಕೆ 18 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ 5 ಆಗಿದೆ. ತೆರಿಗೆಯ ಅಂತರ ಅಳಿದರೂ ಕಾನೂನಿನ ಅಂತರ ಉಳಿದಿದೆ. ಅಡುಗೆ ಎಣ್ಣೆ ಆಹಾರ ಸುರಕ್ಷತೆಯ ನಿಯಮಕ್ಕೆ ಒಳಪಟ್ಟದ್ದು, ಕೇಶತೈಲ ಸೌಂದರ್ಯವರ್ಧಕಗಳ ನಿಯಮಕ್ಕೆ. ಬೇರೇನೂ ಬೆರೆಸದ ಕೊಬ್ಬರಿ ಎಣ್ಣೆಯೇ ಬೇಕೆನ್ನುವವರು ಎಫ್‌ಎಸ್‌ಎಸ್‌ಎಐ ಗುರುತಿರುವ ಅಡುಗೆಯ ಕೊಬ್ಬರಿ ಎಣ್ಣೆಯನ್ನು ತಲೆಗೂ ಮೈಗೂ ಹಚ್ಚಿಕೊಳ್ಳಬಹುದು.

ಹಿಂಬದಿಯ ಪಟ್ಟಿಯನ್ನು ಓದುವುದು ಕಷ್ಟದ ವಿದ್ಯೆಯಲ್ಲ. ನಿಯಮದ ಪ್ರಕಾರ ಹೆಚ್ಚು ಇರುವುದರ ಹೆಸರು ಮೊದಲು, ಕಡಿಮೆ ಇರುವುದು ಆಮೇಲೆ. ನೂರಕ್ಕೆ ಒಂದು ಪಾಲು ಅಥವಾ ಅದಕ್ಕೂ ಕಡಿಮೆ ಇರುವುವನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಕೊಬ್ಬರಿ ಎಣ್ಣೆಯ ಹೆಸರು ಅಲ್ಲಿ ‘ಕೋಕೋಸ್ ನ್ಯೂಸಿಫೆರಾ ಆಯಿಲ್’. ತೆಂಗಿನ ಕಾಯಿಯ ಮೂರು ಕಣ್ಣು ಕಂಡು ಪೋರ್ಚುಗೀಸರು ಅದನ್ನು ‘ಕೋಕೋ’ ಎಂಬ ಗುಮ್ಮನ ಹೆಸರಿನಿಂದ ಕರೆದರು. ‘ನ್ಯೂಸಿಫೆರಾ’ ಎಂದರೆ ಕಾಯಿ ಹೊರುವುದು.

ಈ ‘ಕೋಕೋ’ ಪಟ್ಟಿಯಲ್ಲಿ ಕಂಡ ಕೂಡಲೇ ನಮ್ಮ ತೋಟದ್ದೇ ಬಂತು ಎಂದು ಹಿಗ್ಗಬಾರದು. ಕೊಬ್ಬರಿ ಎಣ್ಣೆಯ ಹೆಚ್ಚುಕಡಿಮೆ ಅರ್ಧ ಪಾಲು ಲಾರಿಕ್ ಆಮ್ಲ. ಕೊಬ್ಬರಿ ಇಲ್ಲವೇ ತಾಳೆಬೀಜದ ಎಣ್ಣೆಯ ಆ ಆಮ್ಲದಿಂದಲೇ ಶಾಂಪೂವಿನ ನೊರೆಗೆ ಬೇಕಾದ ಸೋಡಿಯಂ ಲಾರಿಲ್ ಸಲ್ಫೇಟ್ ತಯಾರಾಗುತ್ತದೆ. ಚರ್ಮ ಎಷ್ಟು ಬೇಗ ಕೆರಳುತ್ತದೆಂದು ಅಳೆಯಲು ಸಂಶೋಧಕರು ಬಳಸುವುದು ಇದನ್ನೇ. ಕೊಬ್ಬರಿಯ ಜಿಡ್ಡಿನಿಂದಲೇ ಬರುವ ಕೋಕಮಿಡೊಪ್ರೊಪಿಲ್ ಬೀಟೈನ್ ಅದಕ್ಕಿಂತ ಮೆದು. ಆದರೂ ಕೆಲವರಿಗೆ ಅಲರ್ಜಿ ತರುವುದರಿಂದ ಅಮೆರಿಕದ ಸ್ಪರ್ಶಚರ್ಮರೋಗ ತಜ್ಞರ ಸಂಘ 2004ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತು. ಮೂಲ ಸಸ್ಯವೆಂದ ಮಾತ್ರಕ್ಕೆ ಮೈಗೆ ಹಿತವೆಂದಲ್ಲ. ಕೊಬ್ಬರಿ ಎಣ್ಣೆಯೂ ಮೊಡವೆ ಏಳುವ ಮುಖಕ್ಕೆ ಒಗ್ಗುವುದಿಲ್ಲ, ರಂಧ್ರ ಕಟ್ಟಿಸುತ್ತದೆ.

‘ಇಲ್ಲ’ ಎಂಬ ಹೊಗಳಿಕೆಯನ್ನೂ ಪರೀಕ್ಷಿಸಬೇಕು. ನೀರಿರುವ ಕ್ರೀಮು, ಲೋಶನ್ನುಗಳಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಅಲ್ಲಿ ಕೆಡದಂತೆ ಕಾಯುವ, ಪ್ಯಾರಬೆನ್‌ನಂಥ ಪದಾರ್ಥ ಬೇಕೇ ಬೇಕು. ನೀರೇ ಇಲ್ಲದ ಬರೀ ಎಣ್ಣೆಗೆ ಅದು ಬೇಡ. ಹೀಗಿರುವಾಗ ಎಣ್ಣೆಯ ಸೀಸೆಯ ಮೇಲೆ ‘ಪ್ಯಾರಬೆನ್ ಇಲ್ಲ’ ಎಂದು ಬರೆದರೆ ಆ ಮಾತಿಗೆ ಬೆಲೆಯಿಲ್ಲ. ಪ್ಯಾರಬೆನ್‌ಗಳಲ್ಲಿ ಐದನ್ನು ಐರೋಪ್ಯ ಒಕ್ಕೂಟ 2014ರಲ್ಲಿ ನಿಷೇಧಿಸಿತು, ಕೆಲವಕ್ಕೆ ಇದ್ದ ಮಿತಿಯನ್ನು ಬಿಗಿ ಮಾಡಿತು, ಉಳಿದವಕ್ಕೆ ಮಿತಿಯೊಳಗೆ ಅನುಮತಿ ಕೊಟ್ಟಿದೆ. ಪ್ಯಾರಬೆನ್ ಬಿಟ್ಟವರು ಹಲವೆಡೆ ಹಾಕಿದ ಮೀಥೈಲ್‌ಐಸೋಥಯಾಜೋಲಿನೋನ್ ಎಷ್ಟು ಜನರಿಗೆ ಅಲರ್ಜಿ ತಂದಿತೆಂದರೆ, ಹಚ್ಚಿ ತೊಳೆಯದೆ ಬಿಡುವ ಕ್ರೀಮುಗಳಲ್ಲಿ ಅದನ್ನು ಯುರೋಪು 2017ರಲ್ಲಿ ನಿಲ್ಲಿಸಬೇಕಾಯಿತು. ಒಂದು ಹೆಸರು ಬಿಟ್ಟರೆ ಸಾಲದು, ಅದರ ಜಾಗಕ್ಕೆ ಬಂದದ್ದು ಯಾವುದೆಂದು ಕೇಳಬೇಕು.

ನಿಜವಾದ ಅಪಾಯ ಹೆಸರೇ ಇಲ್ಲದ ಡಬ್ಬಿಯಲ್ಲಿದೆ. ಬಿಳುಪು ತರುವೆವೆಂದು ಮಾರುವ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಅಂಥವನ್ನು ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಂಡದ್ದನ್ನು ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ದಾಖಲಿಸಿದ್ದಾರೆ. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಪದಾರ್ಥಗಳ ಪಟ್ಟಿ ಇವುಗಳಲ್ಲಿ ಒಂದಿಲ್ಲದಿದ್ದರೂ ಆ ಡಬ್ಬಿಯನ್ನು ಮುಟ್ಟಬಾರದು. ಚರ್ಮ ಬೇಗ ಕೆರಳುವವರು ‘ಪರ್ಫ್ಯೂಮ್’, ‘ಫ್ರಾಗ್ರೆನ್ಸ್’ ಎಂಬ ಪದ ಇಲ್ಲದ್ದನ್ನು ಆರಿಸಬೇಕು. ಆ ಒಂದೇ ಪದದ ಹಿಂದೆ ಹತ್ತಾರು ಪದಾರ್ಥ ಇರಬಹುದು. ಯಾವ ಹೊಸದನ್ನೇ ತಂದರೂ ಮೊಣಕೈಯ ಒಳಮಗ್ಗುಲಿಗೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ, ತುರಿಕೆ ಕೆಂಪು ಏಳದಿದ್ದರೆ ಆಮೇಲೆ ಮುಖಕ್ಕೆ ಹಚ್ಚುವುದು ಕ್ಷೇಮ.

ಇದನ್ನೆಲ್ಲ ಓದಿ ತಿಳಿಯಬೇಕಾದರೆ ಅದು ನಮ್ಮ ಭಾಷೆಯಲ್ಲಿರಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಪ್ರಕಾರ ನಮ್ಮ ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು. ಅದರ ಜೊತೆಗೆ ಪದಾರ್ಥಗಳ ಪಟ್ಟಿಯೂ ಕನ್ನಡ ಅಕ್ಷರದಲ್ಲಿ, ಕಣ್ಣಿಗೆ ಕಾಣುವ ಗಾತ್ರದಲ್ಲಿ ಬರಲಿ. ಸರ್ಕಾರ ಇದನ್ನು ಕಡ್ಡಾಯ ಮಾಡಬೇಕು, ಕೊಳ್ಳುವವರು ಕೇಳಿ ಪಡೆಯಬೇಕು. ತೆಂಗು ಬೆಳೆದು ಲೋಕಕ್ಕೆ ಕೊಡುವ ಜನ ತಮ್ಮ ಮಕ್ಕಳ ತಲೆಗೆ ಹಚ್ಚುತ್ತಿರುವುದು ಏನು ಎಂಬುದನ್ನು ತಮ್ಮ ಭಾಷೆಯಲ್ಲಿ ಓದುವಂತಾಗಲಿ.