ಬೀದಿಗಿಳಿದ ಮದ್ದಿನ ಪೆಟ್ಟಿಗೆ

ವೈದ್ಯಶಾಸ್ತ್ರದ ಇತಿಹಾಸವೆಂದರೆ ಸಾಮಾನ್ಯವಾಗಿ ನಾವು ಔಷಧಗಳನ್ನು ಕಂಡುಹಿಡಿದವರ ಕಥೆಯನ್ನು ಹೇಳುತ್ತೇವೆ. ಕಂಡುಹಿಡಿದ ಔಷಧವನ್ನು ಯಾರ ಕೈ ರೋಗಿಗೆ ಕೊಡಬಹುದು ಎಂಬುದರ ಕಥೆಯನ್ನು ಹೇಳುವವರು ಕಡಿಮೆ. ಆದರೆ ಕಳೆದ ಅರವತ್ತು ವರ್ಷಗಳಲ್ಲಿ ಎಷ್ಟೋ ಜೀವಗಳ ಅಳಿವು ಉಳಿವು ಈ ಎರಡನೆಯ ಪ್ರಶ್ನೆಯನ್ನೇ ಆಶ್ರಯಿಸಿವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ವಿಜ್ಞಾನ ವರ ಕೊಟ್ಟಿತ್ತು. ಕಾನೂನು ಬಹುಕಾಲ ಬಾಗಿಲಲ್ಲಿ ನಿಂತಿತ್ತು. ಆ ಬಾಗಿಲು ಹೇಗೆ ತೆರೆಯಿತು, ಮತ್ತು ಅದನ್ನು ಪೂರ್ತಿಯಾಗಿ ತೆರೆದಿಡುವುದು ಏಕೆ ಸುಲಭವಲ್ಲ ಎಂಬುದು ಇಂದಿನ ಈ ಮಾತಿನ ವಿಷಯ.

1960ರ ದಶಕದ ಅಮೆರಿಕವನ್ನು ನೆನೆಯೋಣ. ಚಂದ್ರನ ಮೇಲೆ ಕಾಲಿಡಲು ಸಿದ್ಧವಾಗುತ್ತಿದ್ದ ಆ ದೇಶದಲ್ಲಿ ಆಂಬ್ಯುಲೆನ್ಸ್ ಸೇವೆಯ ಸುಮಾರು ಅರ್ಧ ಭಾಗ ಶವಸಂಸ್ಕಾರದ ಅಂಗಡಿಗಳವರ ಕೈಯಲ್ಲಿತ್ತು. ಮನುಷ್ಯನನ್ನು ಮಲಗಿಸಿ ಒಯ್ಯಬಲ್ಲ ಉದ್ದನೆಯ ಗಾಡಿ ಊರಿನಲ್ಲಿ ಅವರ ಬಳಿಯೇ ಇದ್ದದ್ದು ಇದಕ್ಕೆ ಕಾರಣ. ಬೆಳಿಗ್ಗೆ ಗಾಯಾಳುವನ್ನು ಸಾಗಿಸಿದ ಗಾಡಿ ಸಂಜೆ ಶವವನ್ನು ಸಾಗಿಸುತ್ತಿತ್ತು. ಚಾಲಕನಿಗೆ ವೇಗವಾಗಿ ಓಡಿಸುವುದು ಗೊತ್ತಿತ್ತು, ಅಷ್ಟೆ. 1966ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅಪಘಾತ ಮರಣಗಳನ್ನು ಕುರಿತು ಒಂದು ವರದಿಯನ್ನು ಪ್ರಕಟಿಸಿ, ಇದನ್ನು ಆಧುನಿಕ ಸಮಾಜ ಅಲಕ್ಷಿಸಿದ ರೋಗವೆಂದು ಕರೆಯಿತು. ಆ ವರದಿ ಓದಿದವರನ್ನು ನಾಚಿಸಿತು.

ಅದೇ ವರ್ಷದ ಜನವರಿಯಲ್ಲಿ, ಅಟ್ಲಾಂಟಿಕ್ ಸಾಗರದ ಈಚೆ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಹೊಸದೊಂದು ಗಾಡಿ ರಸ್ತೆಗಿಳಿದಿತ್ತು. ಅದರ ಹಿಂದಿದ್ದವರು ರಾಯಲ್ ವಿಕ್ಟೋರಿಯಾ ಆಸ್ಪತ್ರೆಯ ಹೃದಯತಜ್ಞ ಫ್ರಾಂಕ್ ಪ್ಯಾಂಟ್ರಿಜ್. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಾಳಾಗಿ ಬರ್ಮಾ ರೈಲುಮಾರ್ಗದ ನರಕವನ್ನು ಕಂಡು ಬಂದಿದ್ದ ಈ ವೈದ್ಯರಿಗೆ ಒಂದು ಸಂಗತಿ ಸ್ಪಷ್ಟವಾಗಿತ್ತು. ಹೃದಯಾಘಾತದಿಂದ ಸಾಯುವವರಲ್ಲಿ ಬಹುಮಂದಿ ಮೊದಲ ಒಂದೆರಡು ಗಂಟೆಗಳಲ್ಲಿಯೇ, ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲೇ ಸಾಯುತ್ತಾರೆ. ಹೀಗಿರುವಾಗ ಆಸ್ಪತ್ರೆಯೊಳಗೆ ಎಷ್ಟು ಯಂತ್ರಗಳನ್ನು ಕೂಡಿಹಾಕಿದರೇನು? ಪ್ಯಾಂಟ್ರಿಜ್ ಮತ್ತು ಅವರ ಸಹೋದ್ಯೋಗಿ ಜಾನ್ ಗೆಡ್ಡೆಸ್ ಕಾರಿನ ಬ್ಯಾಟರಿಗಳಿಂದ ನಡೆಯುವ, ಸುಮಾರು 70 ಕಿಲೋ ತೂಕದ ಡಿಫಿಬ್ರಿಲೇಟರನ್ನೂ ತುರ್ತು ಔಷಧಗಳನ್ನೂ ಗಾಡಿಗೆ ಏರಿಸಿದರು. 1967ರ ಆಗಸ್ಟ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅವರ ಲೇಖನ ಬಂದಿತು. ಹದಿನೈದು ತಿಂಗಳಲ್ಲಿ ಒಯ್ದ 312 ರೋಗಿಗಳಲ್ಲಿ ದಾರಿಯಲ್ಲಿ ಸತ್ತವರು ಒಬ್ಬರೂ ಇರಲಿಲ್ಲ. ಆದರೆ ಆ ಗಾಡಿಯಲ್ಲಿ ವೈದ್ಯರೂ ದಾದಿಯೂ ಇದ್ದರೆಂಬುದನ್ನು ಮರೆಯಬಾರದು. ಪ್ಯಾಂಟ್ರಿಜ್ ಆಸ್ಪತ್ರೆಯನ್ನು ಬೀದಿಗೆ ತಂದರು. ಔಷಧ ಕೊಡುವ ಅಧಿಕಾರವನ್ನು ವೈದ್ಯರ ಕೈಯಿಂದ ಹೊರಗೆ ತರಲಿಲ್ಲ.

ಊರೂರಿಗೂ ಹಗಲೂ ರಾತ್ರಿ ವೈದ್ಯರನ್ನು ಗಾಡಿಯಲ್ಲಿ ಕೂರಿಸುವುದು ಆಗುವ ಮಾತಲ್ಲ. ಹಾಗಾದರೆ ಅಗ್ನಿಶಾಮಕ ದಳದ ನೌಕರನಿಗೆ ಕಲಿಸಿ, ಚುಚ್ಚುಮದ್ದನ್ನು ಅವನ ಕೈಗೆ ಕೊಡಬಹುದೆ? ಈ ಪ್ರಶ್ನೆ ಬಂದಾಗ ಕಾನೂನು ಹುಬ್ಬುಗಂಟಿಕ್ಕಿತು. ಅದನ್ನು ಬರಿಯ ಹಟಮಾರಿತನವೆಂದು ತಳ್ಳಿಹಾಕುವಂತಿಲ್ಲ. ಅಳಲೆಕಾಯಿ ಪಂಡಿತರಿಂದ ಜನರನ್ನು ಕಾಪಾಡುವುದಕ್ಕಾಗಿಯೇ ನೂರು ವರ್ಷ ಹೋರಾಡಿ ಕಟ್ಟಿದ ಬೇಲಿ ಅದು. ಬೇಲಿಯನ್ನು ಕೀಳದೆ ಅದರಲ್ಲಿ ಒಂದು ಗಿಂಡಿಯನ್ನು ಮಾಡುವ ಉಪಾಯ ಮಯಾಮಿ ನಗರದ ಅರಿವಳಿಕೆ ತಜ್ಞ ಯೂಜೀನ್ ನೇಗಲ್ ಅವರಿಗೆ ಹೊಳೆಯಿತು. ಆ ಉಪಾಯವೇ ರೇಡಿಯೋ. ಬೀದಿಯಲ್ಲಿ ಬಿದ್ದ ರೋಗಿಯ ಹೃದಯದ ಬಡಿತದ ರೇಖೆ ಅಲೆಗಳ ಮೂಲಕ ಆಸ್ಪತ್ರೆಗೆ ಬರುತ್ತಿತ್ತು. ಅದನ್ನು ನೋಡಿ ವೈದ್ಯರು ಇಂಥ ಮದ್ದನ್ನು ಇಷ್ಟು ಕೊಡು ಎಂದು ಹೇಳುತ್ತಿದ್ದರು. ಅಗ್ನಿಶಾಮಕ ದಳದವನು ಕೊಡುತ್ತಿದ್ದ. ಕೈ ಅವನದು, ಮಾತು ವೈದ್ಯರದು. ಬಾನುಲಿಯೆದುರು ಕುಳಿತ ನಮಗೆ ಇದು ವಿಶೇಷವಾಗಿ ಮನಮುಟ್ಟಬೇಕಾದ ಸಂಗತಿ. ಸುದ್ದಿಗೂ ಸಂಗೀತಕ್ಕೂ ಬಳಕೆಯಾಗುತ್ತಿದ್ದ ಮಾಧ್ಯಮವೊಂದು ಅಲ್ಲಿ ಔಷಧದ ಅನುಮತಿಯನ್ನು ಹೊತ್ತು ತರುವ ದೂತನಾಯಿತು.

ಲಾಸ್ ಏಂಜಲೀಸ್‌ನಲ್ಲಿ ನಡೆದದ್ದು ಇದಕ್ಕಿಂತ ವಿಚಿತ್ರ. 1969ರಲ್ಲಿ ಅಲ್ಲಿಯ ಹಾರ್ಬರ್ ಜನರಲ್ ಆಸ್ಪತ್ರೆಯಲ್ಲಿ ಅಗ್ನಿಶಾಮಕ ದಳದ ಕೆಲವರಿಗೆ ಹೃದಯ ಚಿಕಿತ್ಸೆಯ ತರಬೇತಿ ಕೊಟ್ಟರು. ಕಲಿತದ್ದೇನೋ ಆಯಿತು, ಆದರೆ ಕಲಿತದ್ದನ್ನು ಮಾಡಲು ಕಾನೂನಿನ ಅಪ್ಪಣೆ ಇರಲಿಲ್ಲ. ಆದ್ದರಿಂದ ಅವರೊಡನೆ ಆಸ್ಪತ್ರೆಯ ದಾದಿಯೊಬ್ಬರು ಗಾಡಿಯಲ್ಲಿ ಹೋಗಬೇಕಾಯಿತು. ದಾದಿ ಪಕ್ಕದಲ್ಲಿದ್ದರೆ ಬಲ್ಲವರು, ಇಲ್ಲದಿದ್ದರೆ ಅರಿಯದವರು ಎನ್ನುವ ಸ್ಥಿತಿ. ಕೌಂಟಿಯ ಆಡಳಿತ ಮಂಡಲಿಯ ಸದಸ್ಯ ಕೆನೆತ್ ಹಾನ್ ಈ ತೊಡಕನ್ನು ರಾಜ್ಯದ ಶಾಸನಸಭೆಗೆ ಒಯ್ದರು. 1970ರ ಜುಲೈ 15ರಂದು, ಅಂದು ಕ್ಯಾಲಿಫೋರ್ನಿಯದ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್ ವೆಡ್‌ವರ್ತ್-ಟೌನ್‌ಸೆಂಡ್ ಕಾಯಿದೆಗೆ ಸಹಿ ಹಾಕಿದರು. ತರಬೇತಾದ ಪ್ಯಾರಾಮೆಡಿಕ್ ಆಸ್ಪತ್ರೆಯೊಡನೆ ಮಾತಿನ ಸಂಪರ್ಕವಿಟ್ಟುಕೊಂಡು ಔಷಧ ಕೊಡಬಹುದೆಂದು ಅದು ಒಪ್ಪಿತು. 1972ರ ಜನವರಿಯಲ್ಲಿ ಆರಂಭವಾದ 'ಎಮರ್ಜೆನ್ಸಿ!' ಎಂಬ ದೂರದರ್ಶನ ಧಾರಾವಾಹಿ ಈ ಹೊಸ ವೃತ್ತಿಯನ್ನು ಅಮೆರಿಕದ ಮನೆಮನೆಗೂ ಪರಿಚಯಿಸಿತು.

ಆದರೆ ಈ ಇತಿಹಾಸದ ಅತ್ಯಂತ ಹೃದಯಸ್ಪರ್ಶಿಯಾದ ಅಧ್ಯಾಯ ಪಿಟ್ಸ್‌ಬರ್ಗ್ ನಗರದ್ದು. ಅಲ್ಲಿ ಅನಾರೋಗ್ಯವಾದರೆ ಬರುತ್ತಿದ್ದುದು ಪೊಲೀಸರ ವ್ಯಾನು. 1966ರ ನವೆಂಬರ್‌ನಲ್ಲಿ ಅದೇ ನಗರದ ಮಾಜಿ ಮೇಯರೂ ಪೆನ್ಸಿಲ್ವೇನಿಯದ ಮಾಜಿ ಗವರ್ನರೂ ಆಗಿದ್ದ ಡೇವಿಡ್ ಲಾರೆನ್ಸ್ ಸಭೆಯೊಂದರಲ್ಲಿ ಕುಸಿದು ಬಿದ್ದರು. ಅವರನ್ನು ಒಯ್ದದ್ದೂ ಅಂಥ ವ್ಯಾನೇ. ಕೆಲವು ದಿನಗಳ ಬಳಿಕ ಅವರು ತೀರಿಕೊಂಡರು. ವಿಯೆನ್ನಾದಲ್ಲಿ ಹುಟ್ಟಿ ಪಿಟ್ಸ್‌ಬರ್ಗಿನಲ್ಲಿ ನೆಲೆಸಿದ್ದ, ನಿಂತ ಉಸಿರನ್ನು ಮರಳಿಸುವ ವಿದ್ಯೆಯ ಆಚಾರ್ಯರೆನಿಸಿದ್ದ ಪೀಟರ್ ಸಫಾರ್ ತಮ್ಮ ಪುಟ್ಟ ಮಗಳನ್ನು ಉಬ್ಬಸಕ್ಕೆ ಬಲಿಕೊಟ್ಟದ್ದೂ ಅದೇ ವರ್ಷ. 1967ರಲ್ಲಿ ಅವರು 'ಫ್ರೀಡಂ ಹೌಸ್' ಎಂಬ ಸಂಸ್ಥೆಯೊಡನೆ ಕೂಡಿ ಆಂಬ್ಯುಲೆನ್ಸ್ ಸೇವೆಯೊಂದನ್ನು ಕಟ್ಟಿದರು. ಹಿಲ್ ಡಿಸ್ಟ್ರಿಕ್ಟ್ ಎಂಬ ಬಡ ಕರಿಯರ ಕೇರಿಯಿಂದ, ಯಾರೂ ಕೆಲಸ ಕೊಡದಿದ್ದ ಯುವಕರನ್ನು ಆರಿಸಿಕೊಂಡರು. ಶಾಲೆಯನ್ನು ಅರ್ಧಕ್ಕೇ ಬಿಟ್ಟವರೂ ಅವರಲ್ಲಿದ್ದರು. ಅಂಗರಚನೆ, ಶರೀರಕ್ರಿಯೆ, ಉಸಿರುದಾರಿಯ ನಿರ್ವಹಣೆ, ಔಷಧಗಳ ಪ್ರಯೋಗ ಇವೆಲ್ಲವನ್ನೂ ಅವರಿಗೆ ಕಲಿಸಿದರು. ಮುಂದೆ ಅವರ ವೈದ್ಯಕೀಯ ನಿರ್ದೇಶಕಿಯಾದ ಡಾ. ನ್ಯಾನ್ಸಿ ಕ್ಯಾರೊಲಿನ್ ಆ ಬೀದಿಗಳ ಅನುಭವವನ್ನೇ ಆಧಾರವಾಗಿಟ್ಟುಕೊಂಡು ಪ್ಯಾರಾಮೆಡಿಕ್‌ಗಳ ಪಠ್ಯವನ್ನು ರಚಿಸಿದರು; 1979ರಲ್ಲಿ ಅದು ಪುಸ್ತಕವಾಗಿ ಬಂದಿತು. ಆದರೆ ಅಷ್ಟು ಹೊತ್ತಿಗೆ ಫ್ರೀಡಂ ಹೌಸ್ ಉಳಿದಿರಲಿಲ್ಲ. 1975ರಲ್ಲಿ ನಗರಾಡಳಿತ ತನ್ನದೇ ಸೇವೆಯನ್ನು ಆರಂಭಿಸಿ ಅದನ್ನು ಮುಚ್ಚಿಸಿತು. ಹೊಸ ಸೇವೆಯಲ್ಲಿ ಬಿಳಿಯರೇ ಹೆಚ್ಚಾಗಿದ್ದರು. ದಾರಿ ತೋರಿಸಿದವರಲ್ಲಿ ಹಲವರು ಮೂಲೆಗುಂಪಾದರು. ಔಷಧ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಮೈಬಣ್ಣವೂ ಅಡ್ಡಬರುತ್ತಿತ್ತೆಂಬುದನ್ನು ಈ ಅಧ್ಯಾಯ ನೆನಪಿಸುತ್ತದೆ.

ರೇಡಿಯೋ ಎಷ್ಟೇ ಉಪಕಾರಿಯಾದರೂ ಅದಕ್ಕೊಂದು ಮಿತಿಯಿತ್ತು. ಕಟ್ಟಡಗಳ ನಡುವೆ ಅಲೆಗಳು ಕೈಕೊಡುತ್ತಿದ್ದವು. ವೈದ್ಯರು ಬೇರೊಬ್ಬ ರೋಗಿಯ ಬಳಿ ಇರುತ್ತಿದ್ದರು. ಆದ್ದರಿಂದ ಇಂಥ ಲಕ್ಷಣ ಕಂಡರೆ, ಇಂಥ ಮದ್ದನ್ನು, ಇಷ್ಟು ಪ್ರಮಾಣದಲ್ಲಿ ಕೊಡಬಹುದೆಂಬ ಲಿಖಿತ ಆದೇಶಗಳು ಬಂದವು. ವೈದ್ಯರ ಧ್ವನಿ ಕ್ರಮೇಣ ಕಾಗದವಾಯಿತು. 'ಸ್ವಂತ ಹೊಣೆಯ ಮೇಲೆ' ಔಷಧ ಕೊಡುವುದೆಂದರೆ ಇದೇ. ಬ್ರಿಟನ್ನಿನಲ್ಲಿ ಬ್ರೈಟನ್ ನಗರದ ಹೃದಯತಜ್ಞ ಡಗ್ಲಸ್ ಚೇಂಬರ್ಲೇನ್ 1970ರ ದಶಕದ ಆದಿಯಲ್ಲಿ ಆಂಬ್ಯುಲೆನ್ಸ್ ನೌಕರರಿಗೆ ಇಂಥ ವಿದ್ಯೆ ಕಲಿಸಿದರು. ಅಲ್ಲಿಯ ಕಾನೂನು ತೋರಿದ ವಕ್ರಗತಿಗೆ ಒಂದು ನಿದರ್ಶನ ಸಾಕು. ಮಾರ್ಫಿನ್ ನಿಯಂತ್ರಿತ ದ್ರವ್ಯವಾದ್ದರಿಂದ ಬಹುಕಾಲ ಅದು ಪ್ಯಾರಾಮೆಡಿಕ್‌ಗಳಿಗೆ ದೊರೆಯಲಿಲ್ಲ. ಅದರ ಬದಲಿಗೆ ಆ ನಿಯಂತ್ರಣಕ್ಕೆ ಒಳಪಡದ ನಾಲ್ಬುಫಿನ್ ಎಂಬ ನೋವು ನಿವಾರಕವನ್ನು ಅವರು ಬಳಸಿದರು. ಆದರೆ ನಾಲ್ಬುಫಿನ್ ಪಡೆದ ರೋಗಿಗೆ ಆಸ್ಪತ್ರೆಯಲ್ಲಿ ಮಾರ್ಫಿನ್ ಕೊಟ್ಟರೆ ಅದು ಸರಿಯಾಗಿ ನಾಟುತ್ತಿರಲಿಲ್ಲ. ಔಷಧದ ಆಯ್ಕೆಯನ್ನು ನೋವು ಮಾಡಲಿಲ್ಲ, ಕಾನೂನಿನ ಅನುಸೂಚಿ ಮಾಡಿತು. ಈ ಶತಮಾನದ ಆರಂಭದಲ್ಲಿ ಮಾರ್ಫಿನ್ ಅವರ ಪೆಟ್ಟಿಗೆಯನ್ನು ಸೇರಿತು. 2012ರ ನಿಯಮಾವಳಿ ಪ್ಯಾರಾಮೆಡಿಕ್ ತಾನಾಗಿಯೇ ಕೊಡಬಹುದಾದ ಚುಚ್ಚುಮದ್ದುಗಳನ್ನು ಹೆಸರಿಸಿ, ರೋಗಿಗೆ ತಕ್ಷಣ ಅಗತ್ಯವಾದ ಚಿಕಿತ್ಸೆಗೆ ಮಾತ್ರ ಎಂದು ಗೆರೆ ಎಳೆಯಿತು. 2018ರಿಂದ, ಹೆಚ್ಚಿನ ವ್ಯಾಸಂಗ ಮಾಡಿದ ಪ್ಯಾರಾಮೆಡಿಕ್‌ಗಳು ಔಷಧಗಳನ್ನು ಬರೆದುಕೊಡಲೂ ಅಧಿಕಾರ ಪಡೆದರು.

ಈ ಪಟ್ಟಿ ಬೆಳೆದದ್ದು ಬರಿಯ ವಾದದಿಂದಲ್ಲ, ಎಣಿಕೆಯಿಂದ. ಬಿಡದೆ ಬರುವ ಮೂರ್ಛೆರೋಗದ ಸೆಳವಿಗೆ ಬೀದಿಯಲ್ಲೇ ಮದ್ದು ಕೊಡಬಹುದೆ, ಅದರಿಂದ ಉಸಿರು ನಿಂತರೆ ಗತಿಯೇನು ಎಂಬ ಭಯವಿತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಉತ್ತರ ಹೇಳಿತು. ಆಸ್ಪತ್ರೆ ತಲಪುವ ವೇಳೆಗೆ ಸೆಳವು ನಿಂತಿದ್ದವರು ಲೊರಾಜೆಪಾಮ್ ಪಡೆದವರಲ್ಲಿ ನೂರಕ್ಕೆ 59. ಡಯಾಜೆಪಾಮ್ ಪಡೆದವರಲ್ಲಿ ಸುಮಾರು 43. ಹುಸಿಮದ್ದು ಪಡೆದವರಲ್ಲಿ 21 ಮಾತ್ರ. ಉಸಿರಾಟದ ತೊಂದರೆಯೂ ರಕ್ತದೊತ್ತಡದ ಇಳಿತವೂ ಹುಸಿಮದ್ದಿನವರಲ್ಲೇ ಹೆಚ್ಚಾಗಿದ್ದವು. ಅಪಾಯ ಮದ್ದಿಗಿಂತ ಸೆಳವಿನಲ್ಲೇ ಹೆಚ್ಚಾಗಿತ್ತು. 2012ರಲ್ಲಿ ಇನ್ನೊಂದು ಪ್ರಯೋಗ, ಅದುರುತ್ತಿರುವ ಕೈಯಲ್ಲಿ ರಕ್ತನಾಳವನ್ನು ಹುಡುಕುವ ಬದಲು ತೊಡೆಯ ಸ್ನಾಯುವಿಗೆ ಮಿಡಜೊಲಾಮ್ ಚುಚ್ಚುವುದು ಒಳ್ಳೆಯ ಫಲ ಕೊಡುತ್ತದೆಂದು ತೋರಿಸಿತು. ಗಾಯದ ರಕ್ತಸ್ರಾವಕ್ಕೆ ಟ್ರನೆಕ್ಸಾಮಿಕ್ ಆಮ್ಲ ಎಂಬ ಅಗ್ಗದ ಔಷಧವನ್ನು ಪರೀಕ್ಷಿಸಿದ, 2010ರಲ್ಲಿ ಮುಗಿದ ಮಹಾಪ್ರಯೋಗದಲ್ಲಿ 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳಿದ್ದರು; ಭಾರತದ ಆಸ್ಪತ್ರೆಗಳೂ ಪಾಲುಗೊಂಡಿದ್ದವು. ಮೂರು ಗಂಟೆಯೊಳಗೆ ಕೊಟ್ಟರೆ ಅದು ಜೀವ ಉಳಿಸುತ್ತದೆ. ತಡವಾದರೆ ಉಪಯೋಗವಿಲ್ಲ, ಕೆಡುಕೂ ಆಗಬಹುದು. ಗಡಿಯಾರವೇ ಅದನ್ನು ಆಂಬ್ಯುಲೆನ್ಸಿಗೆ ಹತ್ತಿಸಿತು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಕೆನಡಾದ ಒಂಟೇರಿಯೋ ಪ್ರಾಂತ್ಯದ 17 ನಗರಗಳಲ್ಲಿ, ಶೀಘ್ರವಾಗಿ ವಿದ್ಯುದಾಘಾತ ಕೊಡುವ ವ್ಯವಸ್ಥೆ ಮೊದಲೇ ಇದ್ದ ಕಡೆ, ಚುಚ್ಚುಮದ್ದುಗಳ ಮತ್ತು ಉಸಿರು ಕೊಳವೆಯ ಅಧಿಕಾರವನ್ನು ಹೊಸದಾಗಿ ಕೊಟ್ಟು ನೋಡಿದರು. 2004ರಲ್ಲಿ ಫಲಿತಾಂಶ ಬಂತು. ಹೃದಯ ನಿಂತವರಲ್ಲಿ ಬದುಕಿ ಮನೆಗೆ ಹೋದವರು ಮೊದಲು ನೂರಕ್ಕೆ 5.0, ಆಮೇಲೆ 5.1. ಇಷ್ಟೆಲ್ಲ ಶ್ರಮಕ್ಕೆ ದೊರೆತದ್ದು ಏನೂ ಇಲ್ಲವೆಂದೇ ಹೇಳಬೇಕು. ಆದರೆ ಅದೇ ಪ್ರಾಂತ್ಯದಲ್ಲಿ ಉಸಿರಾಟದ ಸಂಕಟಕ್ಕೆ ಒಳಗಾದವರ ಮರಣ ನೂರಕ್ಕೆ 14.3ರಿಂದ 12.4ಕ್ಕೆ ಇಳಿಯಿತು. ಇನ್ನು ಅಡ್ರಿನಲಿನ್. ನಿಂತ ಹೃದಯಕ್ಕೆ ಅದನ್ನು ಕೊಡುವುದು ಪ್ರಶ್ನಿಸಲಾಗದ ಆಚಾರವಾಗಿತ್ತು. 2018ರಲ್ಲಿ ಬ್ರಿಟನ್ನಿನ ಪ್ಯಾರಾಮೆಡಿಕ್‌ಗಳು 8,014 ರೋಗಿಗಳ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಮೂವತ್ತು ದಿನ ಬದುಕಿದವರು ಅಡ್ರಿನಲಿನ್ ಪಡೆದವರಲ್ಲಿ ನೂರಕ್ಕೆ 3.2, ಪಡೆಯದವರಲ್ಲಿ 2.4. ಆದರೆ ಹೀಗೆ ಉಳಿದು ಆಸ್ಪತ್ರೆಯಿಂದ ಹೊರಬಂದವರಲ್ಲಿ ಮೆದುಳಿಗೆ ತೀವ್ರವಾದ ಊನವಾದವರು ಮೊದಲ ಗುಂಪಿನಲ್ಲಿ ನೂರಕ್ಕೆ 31, ಎರಡನೆಯದರಲ್ಲಿ ಸುಮಾರು 18. ಉಸಿರು ಮರಳಿದರೂ ಮನುಷ್ಯ ಮರಳದೆ ಹೋಗಬಹುದೆಂಬ ಈ ಅಂಕಿಯ ಮುಂದೆ ಯಾರೂ ಸ್ವಲ್ಪ ಹೊತ್ತು ಮೌನವಾಗಬೇಕು. ಪೆಟ್ಟಿಗೆಗೆ ಮದ್ದುಗಳನ್ನು ಸೇರಿಸುವುದೇ ಪ್ರಗತಿಯಲ್ಲ. ಕೆಲವನ್ನು ಮತ್ತೆ ತೂಗಿ ನೋಡುವುದೂ, ಬೇಕಾದರೆ ತೆಗೆಯುವುದೂ ಪ್ರಗತಿಯೇ.

ಈ ಕಥೆಯ ಒಂದು ಎಳೆ ನಮ್ಮ ನೆಲಕ್ಕೂ ಬಂದಿದೆ. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಆರಂಭವಾದ 108 ಸೇವೆ, 2008ರ ರಾಜ್ಯೋತ್ಸವದಂದು 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ ಕರ್ನಾಟಕಕ್ಕೆ ಬಂದಿತು. ಆ ಸೇವೆಯ ತರಬೇತುದಾರರನ್ನು ಸಿದ್ಧಗೊಳಿಸುವಲ್ಲಿ 2007ರಿಂದ ಕೈಜೋಡಿಸಿದವರು ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು. ದಾದಿ ಜೊತೆಗಿದ್ದರೆ ಮಾತ್ರ ಎಂದಿದ್ದ ಅದೇ ಕ್ಯಾಲಿಫೋರ್ನಿಯ! ಗಾಡಿಯಲ್ಲಿರುವ ತಂತ್ರಜ್ಞ ಫೋನಿನಲ್ಲಿ ವೈದ್ಯರ ಸಲಹೆ ಪಡೆಯುವ ಪದ್ಧತಿಯಲ್ಲಿ ಮಯಾಮಿಯ ಆ ಹಳೆಯ ರೇಡಿಯೋದ ದನಿ ಇನ್ನೂ ಕೇಳಿಸುತ್ತದೆ. 2021ರ ಕೇಂದ್ರ ಕಾಯಿದೆಯೊಂದು ತುರ್ತು ವೈದ್ಯಕೀಯ ತಂತ್ರಜ್ಞರ ವೃತ್ತಿಯನ್ನು ಹೆಸರಿಸಿ ಮನ್ನಿಸಿದೆ. ಹಳ್ಳಿಯಿಂದ ಜಿಲ್ಲಾ ಆಸ್ಪತ್ರೆಗೆ ಒಂದೆರಡು ಗಂಟೆಯ ದಾರಿ ಇರುವ ನಮ್ಮಲ್ಲಿ, ಆ ಕೈಗೆ ಯಾವ ಮದ್ದನ್ನು ಒಪ್ಪಿಸಬೇಕು ಎಂಬ ಪ್ರಶ್ನೆ ಬೆಲ್‌ಫಾಸ್ಟಿಗಿಂತ ನಮಗೇ ಹೆಚ್ಚು ಹತ್ತಿರದ್ದು.

ಅನುಮತಿಗಿಂತ ಮೊದಲು ಶಿಕ್ಷಣ, ಅನುಮತಿಯ ಬಳಿಕ ಲೆಕ್ಕ: ಅರವತ್ತು ವರ್ಷಗಳ ಅನುಭವ ಹೇಳುವುದು ಇಷ್ಟೆ. ಹಿಲ್ ಡಿಸ್ಟ್ರಿಕ್ಟಿನ ಯುವಕರಿಗೆ ಪದವಿ ಇರಲಿಲ್ಲ, ವಿದ್ಯೆ ಇತ್ತು. ಅಡ್ರಿನಲಿನ್‌ಗೆ ಹೆಸರು ಇತ್ತು, ಹೆಸರಿನಷ್ಟು ಫಲ ಇರಲಿಲ್ಲ. ಇವೆರಡನ್ನೂ ಬಯಲಿಗೆ ತಂದದ್ದು, ಗಾಡಿಯಲ್ಲಿ ಕೂತು ಕೆಲಸ ಮಾಡಿದವರು ತಾವು ಮಾಡಿದ್ದನ್ನು ಮುಚ್ಚಿಡದೆ ಬರೆದಿಟ್ಟದ್ದರಿಂದ. ಮುಂದಿನ ಸಲ ರಸ್ತೆಯಲ್ಲಿ ಆಂಬ್ಯುಲೆನ್ಸಿನ ಕೂಗು ಕೇಳಿ ನಾವು ಬದಿಗೆ ಸರಿದಾಗ, ಅದರೊಳಗೆ ರೋಗಿಯ ಪಕ್ಕದಲ್ಲಿ ಬಾಗಿ ಕುಳಿತವನ ಕೈಯಲ್ಲಿ ಏನಿದೆ, ಏನಿರಬೇಕಿತ್ತು ಎಂದು ಒಂದು ಕ್ಷಣ ಯೋಚಿಸಿದರೆ ಈ ಮಾತು ಸಾರ್ಥಕ.